ಪಲ್ಪರ್ ಸಿಪ್ಪೆಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಿದ್ದು

ನಮ್ಮದು ಮೂಡಿಗೆರೆ ಕಡೆ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ. ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ, ಒಂದು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಶಿಯನ್ ಮಿಶ್ರತಳಿ) ಹಸು. ಗೋಬರ್ ಗ್ಯಾಸ್ ಗುಂಡಿ ದಿನಕ್ಕೆ 2 ಘನ ಮೀಟರ್ ಗ್ಯಾಸಿನ ದೀನಬಂಧು ಮಾದರಿಯದು (ನೆಲದೊಳಗೆ ಕಟ್ಟಿದ ಗುಮ್ಮಟ), ಅದಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು. ಗಿಡ್ಡಗಳು ಹಗಲೆಲ್ಲ ಮೇಯಲು ಹೋಗಿ ಅರ್ಧ ಸಗಣಿಯನ್ನು ಕಾಡಿಗೇ ಕೊಟ್ಟು ಬರುತ್ತವೆ. ಮೂರೂ ಸೇರಿ 30 ಕೆಜಿ ಸಿಕ್ಕರೆ ಹೆಚ್ಚು. ರಾತ್ರಿ ಅಡುಗೆಗೆ ಸೌದೆ ಒಲೆಯೇ ಗತಿಯಾಗಿತ್ತು.

ಡಿಸೆಂಬರಿನಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಪಕ್ಕ ಹಣ್ಣಿನ ಸಿಪ್ಪೆ ರಾಶಿ ಬಿದ್ದಿತ್ತು. ಹೇಗೂ ಕೊಳೆಯುವುದು, ಗುಂಡಿಯೊಳಗೇ ಕೊಳೆಯಲಿ ಎಂದು ದಿನಕ್ಕೆ ಐದಾರು ಬುಟ್ಟಿ ಸುರಿದೆ. ಎರಡು ದಿನ ಗ್ಯಾಸ್ ಒತ್ತಿಕೊಂಡು ಬಂತು, ನಾನೂ ಬೀಗಿದೆ. ನಾಲ್ಕನೇ ದಿನ ಹೆಂಡತಿ ಕಡ್ಡಿ ಮೇಲೆ ಕಡ್ಡಿ ಗೀರಿದಳು. ಬರ್ನರ್ ಬುಸ್ ಅನ್ನುತ್ತದೆ, ಉರಿ ಒಂದು ಗೇಣು ಮೇಲಕ್ಕೆ ಹಾರಿ ಆರುತ್ತದೆ. "ಇದು ಗ್ಯಾಸಲ್ಲ ರೀ, ಬರೀ ಗಾಳಿ" ಅಂದಳು.

ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯೇ. ಸಿಪ್ಪೆಯ ಸಕ್ಕರೆ ಬೇಗ ಹುಳಿಯಾಗುತ್ತದೆ. ಆ ಹುಳಿಯನ್ನು ತಿಂದು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ನಿಧಾನದವು. ಹುಳಿ ಏರಿದರೆ ಅವು ಕೆಲಸ ನಿಲ್ಲಿಸುತ್ತವೆ, ಆಮೇಲೆ ಬರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಹೊರಬಂದ ಬಗ್ಗಡಕ್ಕೆ ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಯಿತು. ಮೂಗಿಗೆ ಅದು ಮೊದಲೇ ಗೊತ್ತಿತ್ತು.

ಸಿಪ್ಪೆ ಪೂರ್ತಿ ನಿಲ್ಲಿಸಿದೆ. ಸುಣ್ಣ ಕದಡಿ, ಮೇಲಿನ ತಿಳಿಯನ್ನಷ್ಟೇ ದಿನವೂ ಸ್ವಲ್ಪ ಸ್ವಲ್ಪ ಹೊಯ್ದೆ. ಗಷ್ಟು ಹೋದರೆ ತಳದಲ್ಲಿ ಕೂರುತ್ತದೆ. ಪಕ್ಕದ ತೋಟದವರ ಗುಂಡಿಯಿಂದ ನಾಲ್ಕು ಕ್ಯಾನ್ ಬಗ್ಗಡ ತಂದು ಹೆಪ್ಪು ಹಾಕಿದ ಹಾಗೆ ಸೇರಿಸಿದೆ. ನೀಲಿ ಉರಿ ಮತ್ತೆ ಕಾಣಲು ಎರಡು ವಾರ ಹಿಡಿಯಿತು.

ಈಗ ಸಿಪ್ಪೆಯನ್ನು ಎರಡು ದಿನ ಇಳಿಜಾರಿನಲ್ಲಿ ಹರವಿ ರಸ ಬಸಿಯಲು ಬಿಡುತ್ತೇನೆ. 30 ಕೆಜಿ ಸಗಣಿಗೆ ಮೊದಲ ವಾರ 3 ಕೆಜಿ, ಉರಿ ನೋಡಿಕೊಂಡು 10 ಕೆಜಿವರೆಗೆ. ಕಲಸಲು ಅರ್ಧ ನೀರು, ಅರ್ಧ ಗುಂಡಿಯಿಂದಲೇ ಬಂದ ಬಗ್ಗಡ. ಚಳಿ ಇನ್ನೊಂದು ಶತ್ರು: ಗುಂಡಿಗೆ 35 ಡಿಗ್ರಿ ಆಸುಪಾಸಿನ ಶಾಖ ಹಿತ, ನಮ್ಮ ಜನವರಿ ಬೆಳಗು ಅದರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕೇ ಮಧ್ಯಾಹ್ನ ಬಿಸಿಲು ಕಾದ ನೀರಿನಲ್ಲಿ ಕಲಸುತ್ತೇನೆ, ಗುಮ್ಮಟದ ಮೇಲೆ ಹುಲ್ಲು ಮತ್ತು ಹಸಿ ಗೊಬ್ಬರ ಹೇರುತ್ತೇನೆ.

ಕೊಯ್ಲಿನ ದಿನಗಳಲ್ಲಿ ರಾತ್ರಿಯ ಅನ್ನ, ಸಾರು ಈಗ ಗ್ಯಾಸಿನಲ್ಲೇ ಆಗುತ್ತದೆ. ಸಿಪ್ಪೆ ತೇಲಿ ಕೆನೆ ಕಟ್ಟುವುದು ಮಾತ್ರ ನಿಂತಿಲ್ಲ. ವಾರಕ್ಕೊಮ್ಮೆ ಬಿದಿರ ಗಳ ಇಳಿಸಿ ಕಲಕಬೇಕು. ಆ ದಿನ ಸ್ನಾನವಾಗದೆ ಒಳಗೆ ಕಾಲಿಡುವಂತಿಲ್ಲ ಎಂದು ಮನೆಯ ಆಜ್ಞೆಯಾಗಿದೆ.