ಮುಳುಗುವ ಕಾರಿನಲ್ಲಿ ಕೈ ಎಲ್ಲಿಗೆ ಹೋಗಬೇಕು

ಕಾರು ನೀರಿಗೆ ಬಿದ್ದ ತಕ್ಷಣ ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋಗುತ್ತದೆ. ದಿನಾ ಅದನ್ನೇ ಎಳೆದು ಇಳಿಯುತ್ತೇವೆ, ಇನ್ನೆಲ್ಲಿಗೆ ಹೋಗಬೇಕು ಹೇಳಿ? ನಾನು ನೀರಿನಲ್ಲಿ ರಕ್ಷಣಾ ಕೆಲಸ ಮಾಡುವ ಡೈವರ್. ಹಳೆ ಕಾರಿನೊಳಗೆ ಬೆಲ್ಟ್ ಹಾಕಿ ಕೂತು, ಕ್ರೇನಿನಿಂದ ನೀರಿಗೆ ಇಳಿಸಿಸಿಕೊಂಡು, ಹೊರಗೆ ಬರುವುದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ಮಾಡಿದ್ದೇನೆ. ಈಜು ಬರುವವನಿಗೆ ಇದರಲ್ಲಿ ಏನು ಕಷ್ಟ ಅನಿಸಬಹುದು. ನನಗೆ ಅತಿ ಕಷ್ಟವಾಗಿದ್ದು ಬಾಗಿಲ ಕಡೆ ಓಡುವ ಕೈಯನ್ನು ಕಿಟಕಿಯ ಬಟನ್ ಕಡೆ ತಿರುಗಿಸುವುದು.

ಬಾಗಿಲು ಯಾಕೆ ಬೇಡ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಸಾಕು. ಒಂದು ಮೀಟರ್ ಅಗಲದ ಬಾಗಿಲಿನ ಹೊರಗೆ ನೀರು ಅರ್ಧ ಮೀಟರ್ ಏರಿದರೆ ಸುಮಾರು 125 ಕಿಲೋ ಭಾರ ಅದನ್ನು ಒಳಕ್ಕೆ ಒತ್ತುತ್ತಿರುತ್ತದೆ. ನೀರು ಒಂದು ಮೀಟರ್ ಆದರೆ ಆ ಭಾರ 500 ಕಿಲೋ. ನೀರು ಎರಡರಷ್ಟು, ಒತ್ತಡ ನಾಲ್ಕರಷ್ಟು. ಕೂತ ಜಾಗದಿಂದ ಭುಜ ಕೊಟ್ಟು ತಳ್ಳುವ ಮಾತಲ್ಲ ಇದು. ಬಿದ್ದ ಮೊದಲ ಕೆಲವು ಸೆಕೆಂಡಿನಲ್ಲಿ ಬಾಗಿಲು ತೆರೆದುಕೊಂಡರೂ ತೆರೆದುಕೊಳ್ಳಬಹುದು. ನನ್ನ ಪ್ರಕಾರ ಅದು ಇನ್ನೂ ಕೆಟ್ಟದ್ದು. ತೇಲುತ್ತಿದ್ದ ಕಾರಿಗೆ ಆ ಬಾಗಿಲಿಂದ ನೀರು ನುಗ್ಗುತ್ತದೆ, ಕಾರು ಸೀದಾ ಕೆಳಗೆ ಹೋಗುತ್ತದೆ. ನೀವು ಹೊರಗೆ ಬಂದಿರಿ, ಹಿಂದಿನ ಸೀಟಿನವರ ಗತಿ?

ಕಾರು ತೇಲುತ್ತದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎನ್ನುವವರು ನಿಜವಾದ ಕಾರುಗಳನ್ನೇ ನೀರಿಗೆ ಇಳಿಸಿ ಇದನ್ನು ಅಧ್ಯಯನ ಮಾಡಿದ್ದಾರೆ. ಅವರು ಹೇಳುವ ಕ್ರಮ ಚಿಕ್ಕದು: ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಹೊರಡಿ. ಎಲ್ಲಾ ಸೇರಿ ಒಂದು ನಿಮಿಷದೊಳಗೆ. ಫೋನ್ ಮುಟ್ಟಲೇಬೇಡಿ ಅನ್ನುವುದೂ ಅವರ ಮಾತು. ಒಳಗೆ ಕೂತು ಯಾರಿಗೋ ಜಾಗದ ಗುರುತು ಹೇಳಿ ಮುಗಿಸುವಷ್ಟರಲ್ಲಿ ಕಿಟಕಿ ತೆರೆಯುವ ಅವಕಾಶ ಹೋಗಿರುತ್ತದೆ.

ಆ ತೇಲುವ ಹೊತ್ತಿನ ಮೋಸ ಏನೆಂದರೆ, ಒಳಗೆ ಎಲ್ಲಾ ಸರಿಯಾಗಿದೆ ಅನಿಸುತ್ತದೆ. ಸೀಟು ಒಣಗಿದೆ, ಲೈಟ್ ಉರಿಯುತ್ತಿದೆ. ನೀರು ಮೊದಲು ಕಾಣುವುದು ಪೆಡಲ್ ಹತ್ತಿರ. ಪಾದಕ್ಕೆ ತಣ್ಣಗೆ ತಾಗುತ್ತದೆ, ಆಮೇಲೆ ಹಿಮ್ಮಡಿ, ಆಮೇಲೆ ಮೀನಖಂಡ. ಇಂಜಿನ್ ಮುಂದಿರುವ ಕಾರಾದರೆ ನಿಧಾನವಾಗಿ ಮೂಗು ಬಾಗುತ್ತದೆ. (ತರಬೇತಿ ಕೊಡುವವರಿಗೆ ಒಂದು ಮಾತು: ಎಣ್ಣೆ ನೀರಿಗೆ ಸೇರಬಾರದು ಅಂತ ಇಂಜಿನ್ ತೆಗೆದ ಕಾರನ್ನು ಇಳಿಸಿದರೆ ಅದು ಹೀಗೆ ಬಾಗುವುದಿಲ್ಲ. ಅಷ್ಟೇ ತೂಕದ ಕಬ್ಬಿಣ ಮುಂದೆ ಕಟ್ಟಬೇಕು. ಇಲ್ಲದಿದ್ದರೆ ಸುಮ್ನೆ ಸುಳ್ಳು ಅಭ್ಯಾಸ.)

ನಾನು ಮಾಡುವುದು ಹೀಗೆ. ಬೆಲ್ಟಿನ ಬಕಲ್ ಇರುವುದು ಕಾರಿನ ಒಳಬದಿಗೆ. ಕಿಟಕಿ ಬಟನ್ ಸಾಮಾನ್ಯವಾಗಿ ಬಾಗಿಲ ಬದಿಗೆ. ಎರಡು ಕೈ, ಎರಡು ಕೆಲಸ, ಎರಡೂ ಒಟ್ಟಿಗೆ. ಬೆಲ್ಟ್ ಮೊದಲೋ ಕಿಟಕಿ ಮೊದಲೋ ಅಂತ ತರಬೇತುದಾರರು ವಾದ ಮಾಡುವುದನ್ನು ಕೇಳಿದ್ದೇನೆ. ತೇಲುವ ಕಾರಿನಲ್ಲಿ ಆ ವಾದಕ್ಕೆ ಅರ್ಥವಿಲ್ಲ. ಒಂದು ಕೈ ಬಟನ್ ಒತ್ತಿ ಹಿಡಿದಿರುವಾಗ ಇನ್ನೊಂದು ಬಕಲ್ ಒತ್ತಬಹುದು. ಮೂಗು ಬಾಗಿದಾಗ ಮೈಭಾರ ಬೆಲ್ಟಿನ ಮೇಲೆ ಬೀಳುತ್ತದೆ, ಬಕಲ್ ಬಿಗಿಯಾಗುತ್ತದೆ. ಆಗ ಜೋರಾಗಿ ಒತ್ತಿ ಒದ್ದಾಡುವುದಕ್ಕಿಂತ ಎರಡೂ ಕಾಲನ್ನು ನೆಲಕ್ಕೆ ಊರಿ, ಬೆನ್ನನ್ನು ಸೀಟಿಗೆ ಒತ್ತಿ, ಬೆಲ್ಟ್ ಸ್ವಲ್ಪ ಸಡಿಲವಾದಾಗ ಒತ್ತಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ.

ನೀರಿಗೆ ಬಿದ್ದರೆ ಪವರ್ ವಿಂಡೋ ಕೆಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸಾಮಾನ್ಯವಾಗಿ ಕೂಡಲೇ ಕೆಡುವುದಿಲ್ಲ. ಕಿಟಕಿಯನ್ನು ನಿಲ್ಲಿಸುವುದು ಹೆಚ್ಚಾಗಿ ಒತ್ತಡ. ಹೊರಗಿನ ನೀರು ಗಾಜಿನ ಮೇಲೆ ಏರಿದಷ್ಟೂ ಗಾಜು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ, ಮೋಟಾರಿಗೆ ಎಳೆಯಲು ಆಗುವುದಿಲ್ಲ. ಹಾಗಾಗಿ ನನ್ನ ಕಣ್ಣು ಯಾವಾಗಲೂ ಗಾಜಿನ ಕೆಳಅಂಚಿನ ಮೇಲೆ. ನೀರಿನ ಗೆರೆ ಅಲ್ಲಿಗೆ ಬರುವಷ್ಟರಲ್ಲಿ ಗಾಜು ಕೆಳಗಿರಬೇಕು. ಕಿಟಕಿ ಇಳಿದ ಮೇಲೆ ಚಾವಣಿಯ ಅಂಚು ಹಿಡಿದು, ಕಿಟಕಿ ಅಂಚಿನ ಮೇಲೆ ಕೂತು, ಕಾಲು ಎಳೆದುಕೊಂಡರೆ ಆಯಿತು.

ಕಿಟಕಿ ಇಳಿಯದಿದ್ದರೆ? ಗಾಜು ಒಡೆಯಬೇಕು. ಇಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಹೆಡ್‌ರೆಸ್ಟ್ ಕಿತ್ತು ಅದರ ಕಂಬಿಯಿಂದ ಒಡೆಯಿರಿ ಅನ್ನುವ ಸಲಹೆಯನ್ನು ಮರೆತುಬಿಡಿ. ಹೆಡ್‌ರೆಸ್ಟ್ ಇರುವುದು ಕತ್ತು ಕಾಯುವುದಕ್ಕೆ. ತಲೆ ಬಾಗಿದ ಕಾರಿನಲ್ಲಿ ಅದನ್ನು ಕಳಚುವುದೇ ಒಂದು ಸಾಹಸ. ಸುತ್ತಿಗೆ ತರಹದ ಸಾಧನ ಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ಎದೆವರೆಗೆ ಬಂದ ಮೇಲೆ ಬೀಸಲು ವೇಗವೇ ಸಿಗುವುದಿಲ್ಲ. ನಾನು ಇಟ್ಟುಕೊಳ್ಳುವುದು ಸ್ಪ್ರಿಂಗ್ ಇರುವ ಪುಟ್ಟ ಪಂಚ್. ಗಾಜಿನ ಮೂಲೆಗೆ ಇಟ್ಟು ಒತ್ತಿದರೆ ಸಾಕು, ನೀರೊಳಗೂ ಕೆಲಸ ಮಾಡುತ್ತದೆ. ಟೆಂಪರ್ಡ್ ಗಾಜು (ಕಾಯಿಸಿ ಬೇಗ ತಣಿಸಿ ಗಟ್ಟಿ ಮಾಡಿದ್ದು) ಕ್ಷಣದಲ್ಲಿ ಕಾಳು ಕಾಳಾಗಿ ಉದುರುತ್ತದೆ. ನೀರು ಆಗಲೇ ಗಾಜಿನ ಮೇಲಿದ್ದರೆ ಆ ಕಾಳುಗಳೆಲ್ಲಾ ನೀರಿನ ಜೊತೆ ನಿಮ್ಮ ಮುಖಕ್ಕೇ ಬರುತ್ತವೆ. ಒತ್ತುವ ಮೊದಲು ಮುಖ ತಿರುಗಿಸಿ, ಕಣ್ಣು ಮುಚ್ಚಿ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಒಡೆದ ಗಾಜು ಬೀಳದೆ ಹಾಳೆಯ ಹಾಗೆ ನಿಂತಿರುತ್ತದೆ, ಮೊಣಕೈಯಲ್ಲಿ ತಳ್ಳಬೇಕು.

ಆದರೆ ಎಲ್ಲಾ ಗಾಜೂ ಟೆಂಪರ್ಡ್ ಅಲ್ಲ. ಮುಂದಿನ ಗಾಜು ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿದ್ದು. ಈಗೀಗ ಕೆಲವು ಕಾರುಗಳ ಪಕ್ಕದ ಗಾಜೂ ಲ್ಯಾಮಿನೇಟೆಡ್ ಬರುತ್ತಿದೆ. 2019ರಲ್ಲಿ ಅಮೆರಿಕದ ವಾಹನ ಸವಾರರ ಸಂಘ ಎಎಎ ಗಾಜು ಒಡೆಯುವ ಇಂಥ ಆರು ಸಾಧನಗಳನ್ನು ಪರೀಕ್ಷೆ ಮಾಡಿತು. ನಾಲ್ಕು ಟೆಂಪರ್ಡ್ ಗಾಜನ್ನು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಹಾಗಾಗಿ ಯಾವ ಕಾರು ಹತ್ತಿದರೂ ನಾನು ಗಾಜಿನ ಮೂಲೆಯಲ್ಲಿರುವ ಪುಟ್ಟ ಅಚ್ಚನ್ನು ಓದುತ್ತೇನೆ. ತುಂಬಾ ಕಾರುಗಳಲ್ಲಿ ಗಾಜು ಯಾವ ಬಗೆಯದು ಅಂತ ಅಲ್ಲೇ ಬರೆದಿರುತ್ತದೆ. ನಾಲ್ಕು ಕಿಟಕಿಯೂ ಲ್ಯಾಮಿನೇಟೆಡ್ ಆಗಿದ್ದರೆ ಹಿಂದಿನ ಗಾಜು ನೋಡಿ, ಅದು ಹೆಚ್ಚಾಗಿ ಟೆಂಪರ್ಡ್ ಇರುತ್ತದೆ. ಪಂಚ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದು ಬಿದ್ದ ಹೊಡೆತಕ್ಕೆ ಎಲ್ಲಿಗೋ ಹಾರಿರುತ್ತದೆ. ಬೆಲ್ಟ್ ಹಾಕಿ ಕೂತಲ್ಲೇ ಕೈಗೆ ಸಿಗುವ ಕಡೆ ಭದ್ರವಾಗಿ ಕಟ್ಟಿಡಿ.

ನೀರು ತಲೆ ಮೇಲೆ ಬಂದುಬಿಟ್ಟರೆ, ಅಥವಾ ಕಾರು ಮಗುಚಿಕೊಂಡರೆ, ಕ್ರಮ ಉಲ್ಟಾ. ಆಗ ನಾನು ಬೆಲ್ಟ್ ಬಿಚ್ಚುವುದು ಕೊನೆಗೆ. ಬೆಲ್ಟ್ ಇಲ್ಲದ ಮೈ ನೀರೊಳಗೆ ತೇಲಿ ಮೇಲಕ್ಕೆ ಹೋಗುತ್ತದೆ, ಗಾಜು ಒತ್ತಲು ಆಸರೆಯೇ ಇರುವುದಿಲ್ಲ, ಯಾವ ಕಡೆ ಕಿಟಕಿ ಅನ್ನುವುದೂ ತಪ್ಪಿಹೋಗುತ್ತದೆ. ಒಂದು ಕೈ ಕಿಟಕಿಯ ಚೌಕಟ್ಟನ್ನು ಹಿಡಿದೇ ಇರಬೇಕು. ದಾರಿ ತೆರೆದ ಮೇಲೆ ಇನ್ನೊಂದು ಕೈಯಲ್ಲಿ ಬಕಲ್ ಬಿಚ್ಚಿ, ಹಿಡಿದ ಕೈಯ ಆಸರೆಯಲ್ಲೇ ಮೈಯನ್ನು ಎಳೆದುಕೊಂಡು ಹೊರಗೆ. ಕಾಲು ಬಡಿಯುವುದು ಪೂರ್ತಿ ಹೊರಗೆ ಬಂದ ಮೇಲೆ, ಹಿಂದೆ ಬರುವವರ ಮುಖ ಅಲ್ಲೇ ಇರುತ್ತದೆ ಅಲ್ವಾ. ಒಳಗೆ ನೀರು ಪೂರ್ತಿ ತುಂಬಿದರೆ ಎರಡೂ ಕಡೆ ಒತ್ತಡ ಸಮವಾಗಿ ಬಾಗಿಲು ತೆರೆಯುತ್ತದೆ ಅನ್ನುವುದು ನಿಜ. ನಾನದನ್ನು ಮಾಡಿಯೂ ನೋಡಿದ್ದೇನೆ, ಪಕ್ಕದಲ್ಲಿ ಗಾಳಿ ಸಿಲಿಂಡರ್ ಹಿಡಿದ ಇನ್ನೊಬ್ಬ ಡೈವರ್ ಇದ್ದಾಗ. ಬೇರೆ ಎಲ್ಲಾ ದಾರಿ ಮುಚ್ಚಿದಾಗ ಮಾತ್ರ ಅದು. ತುಂಬಲಿ ಅಂತ ಕಾಯುತ್ತಾ ಕೂರಬೇಡಿ.

ಇದನ್ನು ನೀರಿನಲ್ಲಿ ನೀವೇ ಪ್ರಯೋಗ ಮಾಡಲು ಹೋಗಬೇಡಿ. ನಿಲ್ಲಿಸಿದ ಕಾರಿನಲ್ಲೇ ಮುಕ್ಕಾಲು ಪಾಲು ಕಲಿಯಬಹುದು. ಕಣ್ಣು ಮುಚ್ಚಿ ಕೂತು ಬಕಲ್, ಬಟನ್, ಪಂಚ್ ಮೂರನ್ನೂ ತಡವಿ ಹುಡುಕಿ. ಮಕ್ಕಳ ಸೀಟಿನ ಬೆಲ್ಟನ್ನು ಮುಂದಿನ ಸೀಟಿನಿಂದ ತಿರುಗಿ ಬಿಚ್ಚಿ ನೋಡಿ, ಅದು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ದೊಡ್ಡ ಮಗುವನ್ನು ಮೊದಲು ಹೊರಗೆ ತಳ್ಳಿ, ಚಿಕ್ಕದನ್ನು ಎತ್ತಿಕೊಂಡು ನೀವು ಹೋಗಿ. ಹಿಂದಿನ ಕಿಟಕಿಗಳನ್ನು ಲಾಕ್ ಮಾಡುವ ಬಟನ್ ಸಾಮಾನ್ಯವಾಗಿ ಚಾಲಕನ ಬಾಗಿಲಲ್ಲಿ ಇರುತ್ತದೆ. ಅದು ಒತ್ತಿದ್ದರೆ ಹಿಂದೆ ಕೂತವರು ಎಷ್ಟು ಒತ್ತಿದರೂ ಗಾಜು ಇಳಿಯುವುದಿಲ್ಲ. ಅದಕ್ಕೇ ಹಿಂದೆ ಯಾರಾದರೂ ಇದ್ದರೆ ಅವರ ಕಿಟಕಿಯನ್ನೂ ನಾನೇ ಇಳಿಸುತ್ತೇನೆ, ನನ್ನ ಬಟನ್ ಪಕ್ಕದಲ್ಲೇ ಅವರದೂ ಇರುತ್ತದೆ.