ಕೆನ್ಯಾದ ಊರುಗಳಲ್ಲಿ ಸರ್ಕಾರಿ ದುಡ್ಡಿನ ಲೆಕ್ಕ ಕೇಳೋದು ಹೇಗೆ? ಸೋಷಿಯಲ್ ಆಡಿಟ್ ಮಾಡೋರಿಗೆ ಒಂದು ಗೈಡ್

ಆಫ್ರಿಕಾದಲ್ಲಿ ಆಡಳಿತ ಸುಧಾರಿಸೋದು ಅಂದ ತಕ್ಷಣ ತುಂಬಾ ಜನ ಎಲೆಕ್ಷನ್, ಪ್ರೊಟೆಸ್ಟ್, ವಿದೇಶಿ ಫಂಡಿಂಗ್ ಬಗ್ಗೆನೇ ಮಾತಾಡ್ತಾರೆ. ನಂಗೆ ಅವೆಲ್ಲಕ್ಕಿಂತ ದೊಡ್ಡದು ಅನ್ಸೋದು ಒಂದೂರಿನ ಜನ ತಮ್ಮೂರಿನ ಡಿಸ್ಪೆನ್ಸರಿಗೋ ಬೋರ್‌ವೆಲ್ಲಿಗೋ ಎಷ್ಟು ದುಡ್ಡು ಬಂತು ಅನ್ನೋ ಕಾಗದ ಕೈಯಲ್ಲಿ ಹಿಡ್ಕೊಂಡು, ಅದೇ ಕಟ್ಟಡದ ಮುಂದೆ ನಿಂತು, ಕಾಗದದಲ್ಲಿರೋದು ಇಲ್ಲಿದ್ಯಾ ಅಂತ ತಾಳೆ ಹಾಕೋದು. ಇದಕ್ಕೇ ಸೋಷಿಯಲ್ ಆಡಿಟ್ ಅನ್ನೋದು. ಆಫ್ರಿಕಾದಲ್ಲಿ 54 ದೇಶ, ಒಂದೊಂದು ಕಡೆ ಒಂದೊಂದು ಕಾನೂನು, ಅದಕ್ಕೆ ನಾನಿಲ್ಲಿ ಕೆನ್ಯಾ ಒಂದನ್ನೇ ಹಿಡ್ಕೊಂಡು ಬರೀತಿದೀನಿ. ನೈರೋಬಿ, ಮೊಂಬಾಸಾ, ಕಿಸುಮು ಕಡೆ ಕೆಲಸದಲ್ಲಿರೋ ನಮ್ಮವ್ರು, ಅಲ್ಲಿನ ಸಂಸ್ಥೆಗಳ ಜೊತೆ ವಾಲಂಟಿಯರ್ ಆಗಿ ಹೋಗೋರು, ಈ ವಿಷಯ ಓದ್ತಿರೋ ಸ್ಟೂಡೆಂಟ್ಸ್, ಇವ್ರಿಗೆಲ್ಲ ಉಪಯೋಗ ಆಗ್ಲಿ ಅಂತ.

ಮೊದ್ಲು ಮೊಂಬಾಸಾದ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದ್ರಲ್ಲಿ ನಮ್ಮ ದೇಶದ ಪಾಲೂ ಇದೆ. ಕೆನ್ಯಾದಲ್ಲಿ 2003ರಲ್ಲಿ ಕಾನ್‌ಸ್ಟಿಟ್ಯುಯೆನ್ಸಿ ಡೆವಲಪ್‌ಮೆಂಟ್ ಫಂಡ್ ಅಂತ ಶುರುವಾಯ್ತು, ಎಲ್ರೂ ಸಿಡಿಎಫ್ ಅಂತಾರೆ, ನಮ್ಮ ಎಂಪಿ ಎಮ್ಮೆಲ್ಲೆ ನಿಧಿ ತರಾನೇ. 2007ರಲ್ಲಿ ಮುಹುರಿ ಅನ್ನೋ ಮೊಂಬಾಸಾದ ಮಾನವ ಹಕ್ಕು ಸಂಸ್ಥೆ ಚಂಗಾಮ್ವೆ ಕ್ಷೇತ್ರದ ಸಿಡಿಎಫ್ ಕೆಲಸಗಳ ಸೋಷಿಯಲ್ ಆಡಿಟ್ ಮಾಡ್ತು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಿಂದ ಜನ್ ಸುನವಾಯಿ, ಅಂದ್ರೆ ಸರ್ಕಾರಿ ಲೆಕ್ಕಾನ ಊರ ಜನರ ಮುಂದೆ ಓದೋ ಸಭೆ, ನಡೆಸ್ಕೊಂಡು ಬಂದಿತ್ತಲ್ಲ, ಆ ಅನುಭವ ಇದ್ದವ್ರು ಮೊಂಬಾಸಾಗೆ ಹೋಗಿ ಅಲ್ಲಿನ ಜನಕ್ಕೆ ಟ್ರೈನಿಂಗ್ ಕೊಟ್ರು. ಆಗ ಕೆನ್ಯಾದಲ್ಲಿ ಮಾಹಿತಿ ಹಕ್ಕಿನ ಕಾನೂನೇ ಇರ್ಲಿಲ್ಲ, ಕಾಗದ ಸಿಗೋಕೇ ಒದ್ದಾಡ್ಬೇಕಾಗಿತ್ತು. ಈಗ 2010ರ ಸಂವಿಧಾನದ 35ನೇ ವಿಧಿ ಇದೆ, 2016ರ ಆಕ್ಸೆಸ್ ಟು ಇನ್ಫರ್ಮೇಶನ್ ಆಕ್ಟ್ ಇದೆ, ಅಂದ್ರೆ ಅವತ್ತು ಬೇಡಿ ತಗೊಂಡಿದ್ದನ್ನ ಇವತ್ತು ಕೇಳಿ ತಗೋಬಹುದು.

ನೀವು ಹೊರಗಿನವ್ರಾದ್ರೆ

35ನೇ ವಿಧಿ ಮಾಹಿತಿ ಕೇಳೋ ಹಕ್ಕು ಕೊಡೋದು ಕೆನ್ಯಾದ ಪ್ರಜೆಗಳಿಗೆ. ಹಂಗಾಗಿ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ನೀವೇ ಅರ್ಜಿ ಹಾಕೋಕೆ ಹೋಗ್ಬೇಡಿ, ಊರಿನವ್ರೇ ಹಾಕ್ಲಿ, ಅವ್ರದ್ದೇ ಸಹಿ ಇರ್ಲಿ. ನಿಮ್ಮ ಕೆಲ್ಸ ಹಿಂದೆ ಇದ್ದು ಬಜೆಟ್ ಪುಸ್ತಕ ಓದಿ ಅರ್ಥ ಮಾಡಿಸೋದು, ಎಕ್ಸೆಲ್ ಶೀಟ್ ಮಾಡಿಕೊಡೋದು, ಜೆರಾಕ್ಸ್ ಖರ್ಚು ನೋಡ್ಕೊಳೋದು, ಇಷ್ಟೇ. ಸಭೆಲಿ ಮೈಕ್ ಹಿಡೀಬೇಡಿ. ಹೊರಗಿನವ್ರು ಮುಂದೆ ನಿಂತ ಕ್ಷಣಾನೇ ಆಫೀಸಿನವ್ರಿಗೆ "ಇದು ವಿದೇಶಿಯರು ಮಾಡಿಸ್ತಿರೋದು" ಅಂತ ಹೇಳೋಕೆ ದಾರಿ ಸಿಗತ್ತೆ, ಆಮೇಲೆ ಊರಿನವ್ರ ನಿಜವಾದ ಪ್ರಶ್ನೆ ಕೇಳ್ಸಿಕೊಳ್ಳೋರೇ ಇರಲ್ಲ.

ಯಾರ ದುಡ್ಡು ಅಂತ ಮೊದ್ಲು ಪತ್ತೆ ಮಾಡಿ

ತುಂಬಾ ಗುಂಪುಗಳು ಎಡವೋದು ಇಲ್ಲೇ. ಕೆನ್ಯಾದಲ್ಲಿ 47 ಕೌಂಟಿ ಇವೆ, ಅಂದ್ರೆ ಸ್ಥಳೀಯ ಸರ್ಕಾರಗಳು, 2013ರಿಂದ ಒಂದೊಂದಕ್ಕೂ ಜನ ಓಟು ಹಾಕಿ ಆರಿಸೋ ಗವರ್ನರ್, ಕೌಂಟಿ ಅಸೆಂಬ್ಲಿ. ಡಿಸ್ಪೆನ್ಸರಿ, ಹೆಲ್ತ್ ಸೆಂಟರ್, ಕೌಂಟಿ ರಸ್ತೆ, ಮಾರ್ಕೆಟ್, ಕುಡಿಯೋ ನೀರು, ಚಿಕ್ಕ ಮಕ್ಕಳ ನರ್ಸರಿ ಕ್ಲಾಸ್ ಇವು ಕೌಂಟಿ ಜವಾಬ್ದಾರಿ. ಪ್ರೈಮರಿ ಸ್ಕೂಲ್, ಹೈಸ್ಕೂಲ್, ಪೊಲೀಸ್ ಇವು ನ್ಯಾಷನಲ್ ಸರ್ಕಾರದ್ದು, ಊರಲ್ಲಿ ಕಾಣೋ ಸ್ಕೂಲ್ ರೂಮು, ಫೀಸಿಗೆ ಕೊಡೋ ಸಹಾಯಧನ (ಬರ್ಸರಿ) ಬಹಳಷ್ಟು ಎನ್‌ಜಿ-ಸಿಡಿಎಫ್ ದುಡ್ಡಲ್ಲಿ, ಅಂದ್ರೆ ಮೇಲೆ ಹೇಳಿದ ಸಿಡಿಎಫ್‌ನ ಈಗಿನ ರೂಪವಾದ ಎಂಪಿ ಕ್ಷೇತ್ರದ ಫಂಡಲ್ಲಿ ಆಗಿರತ್ತೆ. ಒಡೆದು ಹೋದ ಕ್ಲಾಸ್‌ರೂಮಿಗೆ ಗವರ್ನರನ್ನ ಬೈದು ಪ್ರಯೋಜನ ಇಲ್ಲ, ನೀರಿನ ಟ್ಯಾಂಕಿಗೆ ಎಂಪಿ ಹತ್ರ ಹೋದ್ರೆ ಅವ್ರು ಕೌಂಟಿ ಕಡೆ ಕೈ ತೋರಿಸ್ತಾರೆ, ನೀವು ತಿರುಗ್ತಾನೇ ಇರ್ತೀರಿ. ಅಂದಹಾಗೆ ಈ ಎನ್‌ಜಿ-ಸಿಡಿಎಫ್ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ 2024ರ ಸೆಪ್ಟೆಂಬರಲ್ಲಿ ಹೈಕೋರ್ಟ್ ಹೇಳಿದೆ, ಹಾಗಾಗಿ ಆ ಫಂಡಿನ ಕೆಲಸ ಕೈಗೆ ತಗೊಳೋ ಮುಂಚೆ ಕೋರ್ಟಲ್ಲಿ ಈಗ ಏನಾಗಿದೆ ಅಂತ ನೋಡ್ಕೊಳ್ಳಿ.

ಮತ್ತೆ ಶುರುನಲ್ಲೇ ಹತ್ತು ಪ್ರಾಜೆಕ್ಟ್ ಹಿಡೀಬೇಡಿ. ಒಂದು ಡಿಸ್ಪೆನ್ಸರಿ, ಇಲ್ಲಾಂದ್ರೆ ಒಂದು ನೀರಿನ ಯೋಜನೆ, ಅಷ್ಟು ಸಾಕು.

ಕಾಗದ ತರೋದು

ಅರ್ಜಿ ಬರಿಯೋಕೆ ಮುಂಚೆ ಈಗಾಗ್ಲೇ ಎಲ್ರಿಗೂ ಸಿಗೋ ಡಾಕ್ಯುಮೆಂಟ್ಸ್ ಓದಿ. ಕಂಟ್ರೋಲರ್ ಆಫ್ ಬಜೆಟ್ ಅಂತ ಒಂದು ಸ್ವತಂತ್ರ ಕಚೇರಿ ಇದೆ, ಕೌಂಟಿಗಳು ಎಷ್ಟು ಖರ್ಚು ಮಾಡಿದ್ವು ಅಂತ ಮೂರು ಮೂರು ತಿಂಗಳಿಗೆ ರಿಪೋರ್ಟ್ ಹಾಕ್ತಾರೆ. ಆಡಿಟರ್ ಜನರಲ್ ಪ್ರತಿ ಕೌಂಟಿದೂ ಪ್ರತಿ ವರ್ಷ ಆಡಿಟ್ ಮಾಡ್ತಾರೆ. ಎರಡೂ ಅವರವರ ವೆಬ್‌ಸೈಟಲ್ಲಿ ಫ್ರೀ. ಆಡಿಟ್ ರಿಪೋರ್ಟಲ್ಲಿ ನಿಮ್ಮೂರಿನ ಕೆಲಸದ ಹೆಸರು ಬಂದಿದ್ರೆ ಅರ್ಧ ದಾರಿ ಸವೆದಂಗೆ, ಯಾಕಂದ್ರೆ ಅದು ನಿಮ್ಮ ಆರೋಪ ಅಲ್ಲ, ಸರ್ಕಾರದ್ದೇ ಕಾಗದ.

ಆಮೇಲೆ ಅರ್ಜಿ. ಇಂಗ್ಲಿಷಲ್ಲಿ ಅಥವಾ ಕಿಸ್ವಾಹಿಲಿಯಲ್ಲಿ ಬರೀಬಹುದು, ಅರ್ಜಿ ಹಾಕೋಕೆ ಫೀಸ್ ಇಲ್ಲ, ಕಾಪಿ ಮಾಡಿಸೋ ಖರ್ಚು ಮಾತ್ರ ಕೇಳಬಹುದು. ಓದು ಬರಹ ಬರದವ್ರು ಬಾಯಲ್ಲಿ ಹೇಳಿದ್ರೆ ಆಫೀಸರೇ ಬರ್ಕೋಬೇಕು, ಇದು ಕಾನೂನಲ್ಲೇ ಇದೆ. 21 ದಿನದಲ್ಲಿ ಉತ್ತರ ಕೊಡ್ಬೇಕು, ಜೀವ ಅಥವಾ ಸ್ವಾತಂತ್ರ್ಯದ ವಿಷಯ ಆದ್ರೆ 48 ಗಂಟೆ. "ಎಲ್ಲಾ ಮಾಹಿತಿ ಕೊಡಿ" ಅಂತ ಮಾತ್ರ ಬರೀಬೇಡಿ, ಹಾಗೆ ಕೇಳಿದ್ರೆ ಏನೂ ಬರಲ್ಲ. ಕೆಲಸದ ಹೆಸರು, ವಾರ್ಡ್, ಯಾವ ಫೈನಾನ್ಶಿಯಲ್ ಇಯರ್ (ಅಲ್ಲಿ ಜುಲೈ 1ರಿಂದ ಜೂನ್ 30) ಬರೆದು, ಕಾಂಟ್ರಾಕ್ಟ್ ಕಾಪಿ, ಬಿಲ್ ಆಫ್ ಕ್ವಾಂಟಿಟೀಸ್, ಪೇಮೆಂಟ್ ವೋಚರ್‌ಗಳು, ಕೆಲಸ ಮುಗೀತು ಅಂತ ಕೊಟ್ಟ ಸರ್ಟಿಫಿಕೇಟ್, ಪ್ರಾಜೆಕ್ಟ್ ಕಮಿಟಿಲಿ ಯಾರ್ಯಾರಿದ್ದಾರೆ ಅನ್ನೋ ಪಟ್ಟಿ, ಇಷ್ಟು ಕೇಳಿ. ಇದ್ರಲ್ಲಿ ಒಂದೇ ಒಂದು ಸಿಗೋ ಹಾಗಿದ್ರೆ ನಾನು ಬಿಲ್ ಆಫ್ ಕ್ವಾಂಟಿಟೀಸ್ ತಗೋತೀನಿ, ಅಲ್ಲಿ ಎಲ್ರೂ ಬಿಕ್ಯೂ ಅಂತಾರೆ, ಗೋಡೆ ಎಷ್ಟು ಅಡಿ, ಸಿಮೆಂಟ್ ಎಷ್ಟು, ಶೀಟ್ ಯಾವ್ದು, ಬಾಗಿಲು ಎಷ್ಟು ಎಲ್ಲಾ ಅದ್ರಲ್ಲೇ ಇರತ್ತೆ. ಅರ್ಜಿದು ಇನ್ನೊಂದು ಕಾಪಿ ಮೇಲೆ ಕಚೇರಿ ಸೀಲು, ತಾರೀಖು ಹಾಕಿಸ್ಕೊಳೋದು ಮರೀಬೇಡಿ. ಉತ್ತರ ಬರ್ಲಿಲ್ಲ ಅಥವಾ ಕೊಡಲ್ಲ ಅಂದ್ರು ಅಂದ್ರೆ ಕಮಿಷನ್ ಆನ್ ಅಡ್ಮಿನಿಸ್ಟ್ರೇಟಿವ್ ಜಸ್ಟಿಸ್ ಹತ್ರ ಹೋಗ್ಬಹುದು, ಜನ ಅದನ್ನ ಒಂಬುಡ್ಸ್‌ಮನ್ ಅಂತಾರೆ, ಆ ಸೀಲು ಹಾಕಿದ ಕಾಪಿ ಅಲ್ಲಿ ಬೇಕಾಗತ್ತೆ.

ಕಾಗದ ಬಂದ್ಮೇಲೆ ಫೈಲಲ್ಲಿ ಇಡ್ಬೇಡಿ, ಗೋಡೆ ಮೇಲೆ ಹಚ್ಚಿ. ಪಕ್ಕದ ಉಗಾಂಡದಲ್ಲಿ 1990ರ ದಶಕದಲ್ಲಿ ಒಂದು ಸರ್ವೆ ಆಯ್ತು, 1991ರಿಂದ 1995ರ ನಡುವೆ ಪ್ರೈಮರಿ ಸ್ಕೂಲುಗಳಿಗೆ ಅಂತ ಕೇಂದ್ರದಿಂದ ಹೋದ ಗ್ರಾಂಟಲ್ಲಿ ಸರಾಸರಿ 13% ಮಾತ್ರ ಸ್ಕೂಲ್ ಮುಟ್ಟಿತ್ತು. ಇದು ಗೊತ್ತಾದ್ಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ವಿ ಅಂತ ಸರ್ಕಾರ ಪೇಪರಲ್ಲಿ ಹಾಕೋಕೆ ಶುರು ಮಾಡ್ತು, ಸ್ಕೂಲ್ ಗೋಡೆ ಮೇಲೂ ಬಂದ ದುಡ್ಡು ಬರೀಬೇಕು ಅಂತ ಮಾಡ್ತು, 2001ರ ಹೊತ್ತಿಗೆ 80%ಗಿಂತ ಜಾಸ್ತಿ ಮುಟ್ಟೋಕೆ ಶುರುವಾಯ್ತು. ಬರೀ ಪೇಪರಿಂದನೇ ಇಷ್ಟಾಯ್ತು ಅನ್ನೋಕಾಗಲ್ಲ, ಅದೇ ಸಮಯದಲ್ಲಿ ಬೇರೆ ಸುಧಾರಣೆಗಳೂ ನಡೀತಿದ್ವು ಅಂತ ಆಮೇಲೆ ಸಂಶೋಧಕರು ತೋರಿಸಿದ್ದಾರೆ. ಆದ್ರೂ ಹೆಡ್‌ಮಾಸ್ಟರಿಗೂ ಅಪ್ಪ ಅಮ್ಮಂದಿರಿಗೂ ಎಷ್ಟು ಬರ್ಬೇಕಿತ್ತು ಅನ್ನೋದೇ ಗೊತ್ತಿಲ್ದಿದ್ರೆ ಕೇಳೋದಾದ್ರೂ ಏನನ್ನ?

ಟೀಮು

ಊರಲ್ಲಿ ಆಗ್ಲೇ ಇರೋ ಗುಂಪುಗಳಿಂದನೇ ಜನ ತಗೊಳ್ಳಿ. ಹೆಂಗಸರ ಚಾಮಾ ಅಂತಿರತ್ತೆ, ನಮ್ಮ ಸ್ವಸಹಾಯ ಸಂಘದ ತರ ದುಡ್ಡು ಕೂಡಿಸೋ ಗುಂಪು, ಅವ್ರಿಗೆ ಲೆಕ್ಕ ಬರತ್ತೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆನೂ ಇರತ್ತೆ. ಬೋಡಾ ಬೋಡಾ, ಅಂದ್ರೆ ಬೈಕ್ ಟ್ಯಾಕ್ಸಿ, ಓಡಿಸೋ ಹುಡುಗರು, ರಿಟೈರ್ಡ್ ಟೀಚರ್, ಚರ್ಚ್ ಅಥವಾ ಮಸೀದಿಯ ಒಬ್ಬರು ಇರ್ಲಿ. ಫುಂಡಿ, ಅಂದ್ರೆ ಮೇಸ್ತ್ರಿ, ಒಬ್ಬರು ಇರಲೇಬೇಕು. ಮುಂದಿನ ಎಲೆಕ್ಷನ್‌ಗೆ ವಾರ್ಡಲ್ಲಿ ನಿಲ್ಬೇಕು ಅಂತಿರೋರು ಎಷ್ಟೇ ಒಳ್ಳೆಯವ್ರಾದ್ರೂ ಟೀಮಲ್ಲಿ ಬೇಡ, ಅವ್ರಿದ್ರೆ ಇಡೀ ಆಡಿಟ್ ರಾಜಕೀಯ ಅಂತಾಗತ್ತೆ.

ಅಲ್ಲಿ ಎನ್‌ಜಿಒ ಮೀಟಿಂಗ್ ಅಂದ್ರೆ ಸಿಟ್ಟಿಂಗ್ ಅಲೋಯನ್ಸ್ ಸಿಗತ್ತೆ ಅಂತ ಜನಕ್ಕೆ ರೂಢಿ ಆಗಿದೆ. ದಿನಗೂಲಿ ಬಿಟ್ಟು ಬರೋರ ತಪ್ಪು ಅಂತ ನಾನಂತೂ ಹೇಳಲ್ಲ. ಬಸ್ ಚಾರ್ಜು, ಟೀ, ಊಟ ಕೊಡಿ, ಆದ್ರೆ ಅದರ ಲೆಕ್ಕಾನ ಎಲ್ರಿಗೂ ಕಾಣೋ ಹಾಗೆ ಚಾರ್ಟಲ್ಲಿ ಬರೆದು ಹಾಕಿ. ಬೇರೆಯವ್ರ ಲೆಕ್ಕ ಕೇಳೋ ಗುಂಪು ತನ್ನ ಲೆಕ್ಕ ಮುಚ್ಚಿಟ್ರೆ ಮೊದಲನೇ ಸಭೆಲೇ ಯಾರೋ ಎದ್ದು ಕೇಳ್ತಾರೆ, ಕೇಳ್ಬೇಕು ಕೂಡ.

ಜಾಗಕ್ಕೆ ಹೋಗಿ ಅಳೀರಿ

ನಿಜವಾದ ಕೆಲಸ ಇದು, ಇದಕ್ಕೆ ಟೈಮ್ ಕೊಡಿ. ಡಿಸ್ಪೆನ್ಸರಿ ಕಟ್ಟಡ ಅಂತ ಇಟ್ಕೊಳ್ಳಿ. ಬಿಕ್ಯೂ, ಟೇಪು, ಕ್ಯಾಮೆರಾ ಇರೋ ಫೋನು, ನೋಟ್‌ಬುಕ್ ತಗೊಂಡು ಹೋಗಿ. ಒಬ್ಬರು ಬಿಕ್ಯೂ ಒಂದೊಂದೇ ಸಾಲು ಜೋರಾಗಿ ಓದ್ಲಿ, ಇಬ್ಬರು ಅಳೀಲಿ, ಇನ್ನೊಬ್ಬರು ಬರ್ಕೊಳ್ಳಲಿ. ಛಾವಣಿಗೆ ಹಾಕೋ ಮಬಾಟಿ ಶೀಟನ್ನ ಮೊದ್ಲು ನೋಡಿ, ಗೇಜ್ ನಂಬರ್ ಜಾಸ್ತಿ ಆದಷ್ಟೂ ಶೀಟು ತೆಳು, ಬಿಕ್ಯೂಲಿ 28 ಗೇಜ್ ಅಂತಿದ್ದು ಮೇಲೆ 30 ಅಥವಾ 32 ಹಾಕಿದ್ರೆ ಕೆಳಗೆ ನಿಂತು ನೋಡೋರಿಗೆ ಗೊತ್ತಾಗಲ್ಲ, ಫುಂಡಿ ಮುಟ್ಟಿ ನೋಡಿದ್ರೆ ಹೇಳ್ತಾರೆ. ಪೇಂಟ್ ಎಷ್ಟು ಕೋಟ್, ಕಿಟಕಿಗೆ ಗ್ರಿಲ್ ಇದ್ಯಾ, ಮಳೆನೀರು ಹಿಡಿಯೋ ಟ್ಯಾಂಕಿಗೆ ದುಡ್ಡು ತೋರ್ಸಿದ್ರೆ ಟ್ಯಾಂಕು ಎಲ್ಲಿ, ನೆಲದ ಸಿಮೆಂಟು ಈಗ್ಲೇ ಏಳ್ತಿದ್ಯಾ, ಟಾಯ್ಲೆಟ್ ಗುಂಡಿ ಎಷ್ಟು ಆಳ. ನೀರಿನ ಯೋಜನೆ ಆದ್ರೆ ಪಂಪಿನ ಮಾಡೆಲ್ ಫೋಟೋ ತೆಗೀರಿ, ಪೈಪ್ ಎಷ್ಟು ಮೀಟರ್ ಅಂತ ನಡೆದೇ ಅಳೀರಿ, ವಾರದಲ್ಲಿ ಎಷ್ಟು ದಿನ ನೀರು ಬರತ್ತೆ ಅಂತ ನೀರು ಹಿಡಿಯೋ ಹೆಂಗಸರನ್ನ ಕೇಳಿ, ಇದಕ್ಕೆ ಅವ್ರಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಕಟ್ಟಡ ಚೆನ್ನಾಗಿದ್ದು ನರ್ಸೇ ಇಲ್ಲ, ಔಷಧಿನೇ ಬರಲ್ಲ ಅಂದ್ರೆ ಅದನ್ನೂ ಬರ್ಕೊಳ್ಳಿ. ರೋಗಿಗಳ ಹೆಸರು, ಫೋಟೋ ಮಾತ್ರ ಬೇಡ, 2019ರ ಡೇಟಾ ಪ್ರೊಟೆಕ್ಷನ್ ಕಾನೂನು ಇದೆ, ಅದಿಲ್ದಿದ್ರೂ ಅದು ಸರಿ ಅಲ್ಲ.

ಚೆನ್ನಾಗಿ ಆಗಿರೋದನ್ನೂ ರಿಪೋರ್ಟಲ್ಲಿ ಬರೀರಿ. ಗುತ್ತಿಗೆದಾರ ಒಳ್ಳೆ ಕೆಲಸ ಮಾಡಿದ್ರೆ ಅದನ್ನ ಹೇಳೋದು ನ್ಯಾಯ, ಮತ್ತೆ ನೀವು ತಪ್ಪು ಅಂತ ಹೇಳಿದಾಗ ಜನ ನಂಬೋದೂ ಅದಕ್ಕೇನೇ.

ಜೋಪಾನ

ಇದನ್ನ ಹಗುರವಾಗಿ ತಗೋಬೇಡಿ. 2015ರಲ್ಲಿ ಗರಿಸ್ಸಾ ಯೂನಿವರ್ಸಿಟಿ ಮೇಲೆ ದಾಳಿ ಆದ್ಮೇಲೆ ಉಗ್ರರ ಜೊತೆ ನಂಟಿದೆ ಅನ್ನೋ ಶಂಕೆ ಮೇಲೆ ಸರ್ಕಾರ ಮಾಡಿದ ಪಟ್ಟಿಲಿ ಮುಹುರಿ, ಹಕಿ ಆಫ್ರಿಕಾ ಎರಡೂ ಮಾನವ ಹಕ್ಕು ಸಂಸ್ಥೆಗಳ ಹೆಸರು ಬಂತು, ಬ್ಯಾಂಕ್ ಅಕೌಂಟ್ ಫ್ರೀಜ್ ಆಯ್ತು, ಕೋರ್ಟಿಗೆ ಹೋಗಿ ಬಿಡಿಸ್ಕೋಬೇಕಾಯ್ತು. 2024ರ ಜೂನಲ್ಲಿ ಫೈನಾನ್ಸ್ ಬಿಲ್ ವಿರುದ್ಧ ಯುವಕರು ಬೀದಿಗಿಳಿದ್ರು, ಬಿಲ್ಲಲ್ಲಿ ಏನಿದೆ ಅಂತ ಅವ್ರೇ ತಮ್ಮ ತಮ್ಮ ಭಾಷೆಲಿ ಬಿಡಿಸಿ ಹೇಳಿದ್ರು, ಪ್ರೆಸಿಡೆಂಟ್ ರುಟೊ ಬಿಲ್ ವಾಪಸ್ ತಗೊಂಡ್ರು, ಆದ್ರೆ ಅಷ್ಟರಲ್ಲಿ ಎಷ್ಟೋ ಜನರ ಜೀವ ಹೋಗಿತ್ತು. ಹಾಗಾಗಿ ಒಬ್ಬೊಬ್ಬರೇ ಸೈಟಿಗೆ ಹೋಗ್ಬೇಡಿ, ಕಾಗದಗಳ ಕಾಪಿ ಎರಡು ಮೂರು ಕಡೆ ಇಡಿ, ಅರ್ಜಿನ ಒಬ್ಬರ ಹೆಸರಲ್ಲೇ ಪದೇ ಪದೇ ಹಾಕ್ಬೇಡಿ, ಗುಂಪು ಸರಿಯಾಗಿ ರಿಜಿಸ್ಟರ್ ಆಗಿರ್ಲಿ. ಸಾರ್ವಜನಿಕ ಸಭೆ ಮಾಡೋಕೆ ಪಬ್ಲಿಕ್ ಆರ್ಡರ್ ಆಕ್ಟ್ ಪ್ರಕಾರ ಪೊಲೀಸ್ ಸ್ಟೇಷನ್‌ಗೆ ಕನಿಷ್ಠ 3 ದಿನ ಮುಂಚೆ ನೋಟಿಸ್ ಕೊಡ್ಬೇಕು, 14 ದಿನಕ್ಕಿಂತ ಮುಂಚೆನೂ ಅಲ್ಲ. ಯಾರನ್ನೂ ಕಳ್ಳ ಅಂತ ಕರೀಬೇಡಿ, ಬಾಯಲ್ಲೂ ಬೇಡ, ವಾಟ್ಸಾಪಲ್ಲೂ ಬೇಡ. "ಬಿಕ್ಯೂಲಿ ಹೀಗಿದೆ, ಇಲ್ಲಿ ಹೀಗಿದೆ, ದುಡ್ಡು ಈ ತಾರೀಖು ಕೊಟ್ಟಾಗಿದೆ" ಅಷ್ಟು ಹೇಳಿ ಸಾಕು.

ಬರಾಜಾ

ಊರ ಸಭೆಗೆ ಅಲ್ಲಿ ಬರಾಜಾ ಅಂತಾರೆ, ನಮ್ಮಲ್ಲಿ ನರೇಗಾ ಸೋಷಿಯಲ್ ಆಡಿಟ್ ಗ್ರಾಮಸಭೆ ನೋಡಿದವ್ರಿಗೆ ಇದು ಬೇಗ ಅರ್ಥ ಆಗತ್ತೆ. ಸಂತೆ ದಿನ ಬೇಡ, ಕರಾವಳಿ ಕಡೆ ಶುಕ್ರವಾರ ಮಧ್ಯಾಹ್ನದ ನಮಾಜ್ ಹೊತ್ತು ಬೇಡ, ಹೆಂಗಸರು ನೀರಿಗೆ ಹೋಗೋ ಹೊತ್ತು ಬೇಡ. ನಿಮಗೆ ಸಿಕ್ಕಿರೋದನ್ನ ಸಂಬಂಧಪಟ್ಟ ಆಫೀಸರು, ವಾರ್ಡ್ ಅಡ್ಮಿನಿಸ್ಟ್ರೇಟರ್, ಎಂಸಿಎ ಅಂದ್ರೆ ವಾರ್ಡಿನ ಕೌಂಟಿ ಅಸೆಂಬ್ಲಿ ಸದಸ್ಯರು, ಇವ್ರಿಗೆಲ್ಲ ಮುಂಚೆನೇ ಬರವಣಿಗೆಲಿ ಕಳ್ಸಿ, ಉತ್ತರ ತಯಾರಿ ಮಾಡ್ಕೊಂಡೇ ಬರ್ಲಿ. ಸಭೇಲಿ ಬೆಚ್ಚಿಬೀಳಿಸಿ ಅವಮಾನ ಮಾಡಿದ್ರೆ ಮುಂದಿನ ಸಲ ಯಾರೂ ಬರಲ್ಲ. ಊರಿನ ಭಾಷೆಲೇ ಮಾತು ನಡೀಲಿ, ಇಂಗ್ಲಿಷ್ ಬರೋ ಹುಡುಗರೇ ಮೈಕ್ ಹಿಡ್ಕೊಂಡು ಕೂರೋ ಹಾಗಾಗ್ಬಾರ್ದು. ಟೀಮಿನ ಹೆಂಗಸರು ಮೊದ್ಲು ಮಾತಾಡ್ಲಿ, ಎಂಸಿಎ ಕೊನೆಗೆ, ಯಾಕಂದ್ರೆ ರಾಜಕಾರಣಿ ಮೊದ್ಲು ಮೈಕ್ ತಗೊಂಡ್ರೆ ಭಾಷಣ ಮುಗಿಯೋ ಹೊತ್ತಿಗೆ ಜನ ಎದ್ದು ಹೋಗಿರ್ತಾರೆ. ಆಫೀಸರು ಏನು ಒಪ್ಕೊಂಡ್ರು, ಯಾವ ತಾರೀಖಿನೊಳಗೆ ಅಂತ ಅಲ್ಲೇ ದೊಡ್ಡ ಹಾಳೆಲಿ ಬರೆದು ಸಹಿ ಮಾಡ್ಸಿ.

ಸಭೆ ಆದ್ಮೇಲೆ

ಹೆಚ್ಚಿನ ಆಡಿಟ್‌ಗಳು ಸಾಯೋದು ಇಲ್ಲಿ, ಫೋಟೋ ತೆಗೆಸ್ಕೊಂಡು ಎಲ್ರೂ ಮನೆಗೆ ಹೋಗ್ಬಿಡ್ತಾರೆ. ಒಪ್ಕೊಂಡ ತಾರೀಖಿನ ಮಾರನೇ ದಿನ ಇಬ್ಬರು ಆ ಹಾಳೆ ಹಿಡ್ಕೊಂಡು ಆಫೀಸಿಗೆ ಹೋಗ್ಲಿ. ಆಗ್ಲಿಲ್ಲ ಅಂದ್ರೆ ಕೌಂಟಿ ಅಸೆಂಬ್ಲಿಗೆ ಪಿಟಿಷನ್ ಹಾಕ್ಬಹುದು, ಊರಿನ ರೇಡಿಯೋಲಿ ಮಾತಾಡ್ಬಹುದು, ಲೆಕ್ಕದಲ್ಲಿ ದುಡ್ಡೇ ಕಾಣ್ತಿಲ್ಲ ಅಂದ್ರೆ ಎಥಿಕ್ಸ್ ಅಂಡ್ ಆಂಟಿ ಕರಪ್ಷನ್ ಕಮಿಷನ್‌ಗೆ ದೂರು ಕೊಡ್ಬಹುದು.

ಇನ್ನೊಂದು, ಮುಗಿದ ಕೆಲಸದ ಹಿಂದೆ ಮಾತ್ರ ಓಡ್ಬೇಡಿ, ಮುಂದಿನ ಬಜೆಟಿಗೂ ಹೋಗಿ. ಕೌಂಟಿಯ ವಾರ್ಷಿಕ ಅಭಿವೃದ್ಧಿ ಪ್ಲಾನ್ ಸೆಪ್ಟೆಂಬರ್ 1ರೊಳಗೆ ಅಸೆಂಬ್ಲಿಗೆ ಹೋಗ್ಬೇಕು, ಯಾವ ಇಲಾಖೆಗೆ ಎಷ್ಟು ದುಡ್ಡು ಅಂತ ಮಿತಿ ಹಾಕೋ ಫಿಸ್ಕಲ್ ಸ್ಟ್ರಾಟಜಿ ಪೇಪರ್ ಫೆಬ್ರವರಿ 28ರೊಳಗೆ, ಬಜೆಟ್ ಎಸ್ಟಿಮೇಟ್ ಏಪ್ರಿಲ್ 30ರೊಳಗೆ. ಜೂನಲ್ಲಿ ಹೋಗಿ ಕಿರುಚಿದ್ರೆ ಆಗ್ಲೇ ಎಲ್ಲಾ ಹಂಚಿ ಆಗಿರತ್ತೆ. ನಿಮ್ಮ ಡಿಸ್ಪೆನ್ಸರಿಗೆ ನರ್ಸ್, ಟ್ಯಾಂಕು ಬೇಕು ಅನ್ನೋದನ್ನ ಜುಲೈ ಆಗಸ್ಟಲ್ಲೇ ವಾರ್ಡ್ ಅಡ್ಮಿನಿಸ್ಟ್ರೇಟರಿಗೆ ಬರೆದು ಕೊಟ್ಟು ಸೀಲು ಹಾಕಿಸಿ, ಆಮೇಲೆ ಸೆಪ್ಟೆಂಬರ್ ಮೊದಲ ವಾರ ಪ್ಲಾನ್ ಡಾಕ್ಯುಮೆಂಟ್ ತರಿಸಿ ನಿಮ್ಮ ವಾರ್ಡಿನ ಪುಟದಲ್ಲಿ ಅದು ಇದ್ಯಾ ಅಂತ ನೋಡಿ.