ನವೆಂಬರ್‌ನಲ್ಲಿ ತಡವರಿಸುವ ತಂಡವನ್ನು ನೋಡುವುದು ಹೇಗೆ

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ನವೆಂಬರ್ ಮೊದಲ ವಾರ ಶುರುವಾಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ರಜೆ ಬರುವಷ್ಟರಲ್ಲಿ ಅಭಿಮಾನಿಗಳಿಗೆ ತಲೆಬಿಸಿ ಶುರು. ಹೋದ ವಾರ ಮೂವತ್ತು ಪಾಯಿಂಟ್‌ಗಳಿಂದ ಗೆದ್ದ ಹುಡುಗರು ಈ ವಾರ ಚೆಂಡು ಹಿಡಿಯುವುದನ್ನೇ ಮರೆತವರ ಹಾಗೆ ಆಡುತ್ತಾರೆ. ಇದು ಒಂದು ಕೆಟ್ಟ ದಿನವೋ, ತಂಡವೇ ಹೀಗೋ? ಅದನ್ನು ಕಂಡುಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಮಗನೋ ಮಗಳೋ ಅಲ್ಲಿನ ಕಾಲೇಜು ಸೇರಿ, ಆ ತಂಡದ ಹುಚ್ಚು ನಿಮಗೂ ಹತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ನಾವಿರುವುದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಹತ್ತಿರ. ನನಗೆ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಮಗಳು ಓದಿದ್ದು ಯೂಕಾನ್‌ನಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕನೆಕ್ಟಿಕಟ್‌ನಲ್ಲಿ. ಮಾವ ತಿಪಟೂರು ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ಈಗ ನಮ್ಮ ಜೊತೆಗೇ ಇದ್ದಾರೆ. ಪದ್ಧತಿ ಅವರದೇ. ಉದಾಹರಣೆಗೆ 2024-25ರ ಯೂಕಾನ್ ಹುಡುಗರ ತಂಡವನ್ನೇ ತೆಗೆದುಕೊಳ್ಳುತ್ತೇನೆ. ಆ ನವೆಂಬರ್ ಕೊಟ್ಟಷ್ಟು ಸಂಕಟವನ್ನು ಬೇರೆ ಯಾವ ನವೆಂಬರ್ ತಿಂಗಳೂ ನಮಗೆ ಕೊಟ್ಟಿಲ್ಲ.

ಮೊದಲು ಎದುರಾಳಿ ಯಾರು ಅಂತ ನೋಡಿ

ಸೀಸನ್ನಿನ ಮೊದಲ ಕೆಲವು ಪಂದ್ಯಗಳನ್ನು ದೊಡ್ಡ ಕಾಲೇಜುಗಳು ದುಡ್ಡು ಕೊಟ್ಟು ಆಡಿಸುತ್ತವೆ. ಸಣ್ಣ ಕಾಲೇಜಿನ ತಂಡ ಬರುತ್ತದೆ, ಸೋಲುತ್ತದೆ, ಚೆಕ್ ತೆಗೆದುಕೊಂಡು ಹೋಗುತ್ತದೆ. ಆ ದುಡ್ಡಿನಲ್ಲಿ ಅವರ ವರ್ಷದ ಖರ್ಚು ಒಂದಿಷ್ಟು ನಡೆಯುತ್ತದೆ. ತಪ್ಪೇನಿಲ್ಲ. ಆದರೆ ಈ ಗೆಲುವುಗಳಿಂದ ನಮ್ಮ ತಂಡದ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಆ ವರ್ಷ ಯೂಕಾನ್ ಸೇಕ್ರೆಡ್ ಹಾರ್ಟ್, ನ್ಯೂ ಹ್ಯಾಂಪ್‌ಶೈರ್, ಲೆಮೊಯ್ನ್, ಈಸ್ಟ್ ಟೆಕ್ಸಸ್ ಎ ಅಂಡ್ ಎಂ ತಂಡಗಳನ್ನು ಸಲೀಸಾಗಿ ಸೋಲಿಸಿತು. ದೇಶದಲ್ಲಿ 2ನೇ ರ‍್ಯಾಂಕ್. 2023, 2024 ಎರಡೂ ವರ್ಷ ಚಾಂಪಿಯನ್ ಆಗಿದ್ದ ತಂಡ, ಮೂರನೆಯದಕ್ಕೆ ಹೊರಟಿತ್ತು. ಹುಡುಗರ ಆಟದಲ್ಲಿ ಸತತ ಮೂರು ಗೆದ್ದದ್ದು ಇತಿಹಾಸದಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಒಂದೇ.

ಆಮೇಲೆ ಹವಾಯಿಯ ಮಾವಿ ಟೂರ್ನಿ. ಲಹೈನಾದ ಪುಟ್ಟ ಜಿಮ್‌ನಲ್ಲಿ ಮೂರು ದಿನಕ್ಕೆ ಮೂರು ಪಂದ್ಯ. ಮೆಂಫಿಸ್ ಎದುರು ಓವರ್‌ಟೈಮ್‌ನಲ್ಲಿ 99-97. ಕೊಲರಾಡೊ ಎದುರು 73-72. ಡೇಟನ್ ಎದುರು 85-67. ಮೂರೂ ಸೋಲು. ಮೊದಲ ಪಂದ್ಯ ನಮ್ಮ ಕಡೆಯ ಹೊತ್ತಿಗೆ ಸೋಮವಾರ ಮಧ್ಯಾಹ್ನ ಇತ್ತು. ಆಫೀಸಿನಲ್ಲಿ ಊಟದ ಹೊತ್ತು ಮುಗಿದ ಮೇಲೂ ಯಾರೂ ಫೋನ್ ಕೆಳಗಿಡಲಿಲ್ಲ.

ಇಂಥ ವಾರದಲ್ಲಿ ಮಾಡಬೇಕಾದ ಮೊದಲ ಕೆಲಸ, ಮೂರು ಸೋಲನ್ನೂ ಒಂದೇ ಮೂಟೆ ಕಟ್ಟದಿರುವುದು. ಎರಡು ಪಂದ್ಯ ಸೋತದ್ದು ಒಂದು, ಎರಡು ಪಾಯಿಂಟ್‌ನಲ್ಲಿ. ಮೂರನೆಯದರಲ್ಲಿ ತಂಡದ ಹಳೆಯ ಹುಲಿ ಅಲೆಕ್ಸ್ ಕರಬನ್ ಆಡಲೇ ಇಲ್ಲ, ಹಿಂದಿನ ದಿನ ತಲೆಗೆ ಪೆಟ್ಟು ಬಿದ್ದಿತ್ತು. ಪ್ರತಿ ಪಂದ್ಯಕ್ಕೂ ಬೇರೆ ಪುಟ ತೆಗೆಯಿರಿ.

ಯಾರು ಹೊಸಬರು ಅಂತ ಬರೆದಿಡಿ

2024ರಲ್ಲಿ ಕಪ್ ಗೆದ್ದ ಐವರಲ್ಲಿ ನಾಲ್ವರು ಹೊರಟುಹೋಗಿದ್ದರು. ಸ್ಟೆಫಾನ್ ಕ್ಯಾಸಲ್, ಡೊನೊವನ್ ಕ್ಲಿಂಗನ್, ಟ್ರಿಸ್ಟನ್ ನ್ಯೂಟನ್, ಕ್ಯಾಮ್ ಸ್ಪೆನ್ಸರ್. ನಾಲ್ವರನ್ನೂ ಎನ್‌ಬಿಎ, ಅಂದರೆ ವೃತ್ತಿಪರ ಲೀಗಿನ ತಂಡಗಳು ಡ್ರಾಫ್ಟ್ ಎಂಬ ಆಯ್ಕೆಯಲ್ಲಿ ಎತ್ತಿಕೊಂಡವು. ಉಳಿದದ್ದು ಕರಬನ್ ಒಬ್ಬ. ಅವರ ಜಾಗಕ್ಕೆ ಬೆಂಚಿನಲ್ಲಿದ್ದ ಹಸನ್ ಡಿಯಾರಾ, ಸ್ಯಾಮ್ಸನ್ ಜಾನ್ಸನ್, ಸೊಲೊ ಬಾಲ್ ಮೇಲೆ ಬಂದರು. ಲಿಯಮ್ ಮೆಕ್‌ನೀಲಿ ಎಂಬ ಹೊಸ ಹುಡುಗ, ಮಿಶಿಗನ್‌ನಿಂದ ಬಂದ ಟ್ಯಾರಿಸ್ ರೀಡ್, ಸೇಂಟ್ ಮೇರೀಸ್‌ನಿಂದ ಬಂದ ಏಡನ್ ಮಹಾನಿ ಸೇರಿದರು.

ಎಲ್ಲರೂ ಆಡಬಲ್ಲವರೇ. ಆದರೆ ಬೇರೆ ಬೇರೆ ಊರಿಂದ ಕರೆಸಿದ ಒಳ್ಳೊಳ್ಳೆ ಅಡುಗೆಯವರು ಒಂದೇ ಮದುವೆಗೆ ಬಂದ ಹಾಗೆ. ಒಬ್ಬೊಬ್ಬರ ಕೈರುಚಿ ಚೆನ್ನಾಗಿರುತ್ತದೆ, ಸಾರಿಗೆ ಒಗ್ಗರಣೆ ಯಾರು ಹಾಕಬೇಕು ಅಂತ ಮಾತ್ರ ಗೊತ್ತಿರುವುದಿಲ್ಲ. ಈಗ ಕಾಲೇಜು ಬದಲಿಸುವುದು ಸುಲಭ. 2024ರಿಂದ ಎಷ್ಟು ಸಲ ಬದಲಿಸಿದರೂ, ಓದು ಸರಿಯಾಗಿದ್ದರೆ, ಒಂದು ವರ್ಷ ಸುಮ್ನೆ ಕೂರಬೇಕಾಗಿಲ್ಲ. ಹಾಗಾಗಿ ಪ್ರತಿ ನವೆಂಬರ್‌ನಲ್ಲೂ ಎಷ್ಟೋ ತಂಡಗಳು ಹೆಚ್ಚುಕಡಿಮೆ ಹೊಸ ತಂಡಗಳೇ. ಮುಖ್ಯವಾಗಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಯಾರು, ಒತ್ತಡ ಬಿದ್ದಾಗ ಚೆಂಡು ಯಾರ ಕೈಗೆ ಹೋಗುತ್ತದೆ ಅಂತ ನೋಡಿ. ಆ ಹುಡುಗ ಹೊಸಬನಾದರೆ ಒಂದು ತಿಂಗಳು ತಾಳಿ.

ನೋಟ್‌ಬುಕ್ ಇಟ್ಟುಕೊಳ್ಳಿ

ಇದು ಮಾವನ ಕೆಲಸ. ಡಾಲರ್ ಅಂಗಡಿಯ ಗೆರೆ ಹಾಕಿದ ನೋಟ್‌ಬುಕ್, ಒಂದು ಪೆನ್ಸಿಲ್. ಟಿವಿ ಮುಂದೆ ಕೂತರೆ ಅವರು ಸ್ಕೋರ್ ಕಡೆ ನೋಡುವುದೇ ಇಲ್ಲ. ಮೆಂಫಿಸ್ ಪಂದ್ಯವನ್ನು ಸಂಜೆ ಮತ್ತೆ ಹಾಕಿಕೊಂಡು ನೋಡುವಾಗ ನಾನು ಹಲುಬುತ್ತಿದ್ದೆ. ಅವರು ಅಂದರು, "ಏನಮ್ಮ, ಸ್ಕೋರ್ ಬಿಡು. ಆ ಎತ್ತರದ ಹುಡುಗ ಎಷ್ಟು ಹೊತ್ತಿಗೆ ಬೆಂಚಿಗೆ ಬಂದ, ಅದನ್ನ ಬರ್ಕೋ."

ಕಾಲೇಜು ಹುಡುಗರ ಪಂದ್ಯದಲ್ಲಿ 20 ನಿಮಿಷದ ಎರಡು ಹಾಫ್. ಟಿವಿ ಪಂದ್ಯವಾದರೆ ಪ್ರತಿ ಹಾಫ್‌ನಲ್ಲಿ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ಮೊದಲ ಸಲ ನಿಂತಾಗ ಜಾಹೀರಾತಿನ ಟೈಮ್‌ಔಟ್ ಇರುತ್ತದೆ. ಆ ಬಿಡುವಿನಲ್ಲಿ ಬರೆಯಿರಿ. ನಾಲ್ಕು ಕಾಲಂ ಸಾಕು. ನಮ್ಮ ತಂಡದ ಫೌಲ್ ಎಷ್ಟಾಯಿತು. ಎದುರಾಳಿಗೆ ಎಷ್ಟು ಫ್ರೀ ಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಹೊಡೆಯುವ ಅವಕಾಶ) ಸಿಕ್ಕಿತು. ನಾವು ಚೆಂಡು ಎಷ್ಟು ಸಲ ಕಳೆದುಕೊಂಡೆವು (ಟರ್ನೋವರ್). ನಾವು ಹೊಡೆದು ತಪ್ಪಿದ ಚೆಂಡನ್ನು ನಾವೇ ಎಷ್ಟು ಸಲ ಮತ್ತೆ ಹಿಡಿದೆವು (ರಿಬೌಂಡ್).

ಈ ನಾಲ್ಕನ್ನೇ ಯಾಕೆ ಬರೆಯಬೇಕು ಅಂದರೆ, ಇವು ಹೆಚ್ಚಾಗಿ ಅಭ್ಯಾಸದಿಂದ ಬರುತ್ತವೆ. ಒಂದು ದಿನದ ಅದೃಷ್ಟಕ್ಕೆ ಇಲ್ಲಿ ಜಾಗ ಕಡಿಮೆ. ಮೂರು ಪಂದ್ಯದಲ್ಲಿ ಒಂದೇ ಥರ ಬಂದರೆ ನಾಲ್ಕನೆಯದರಲ್ಲೂ ಬರುವ ಸಂಭವ ಜಾಸ್ತಿ.

ಫೌಲ್ ಕಾಲಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಒಂದು ಹಾಫ್‌ನಲ್ಲಿ ತಂಡದ ಫೌಲ್ ಏಳಕ್ಕೆ ಮುಟ್ಟಿತು ಅನ್ನಿ, ಅಲ್ಲಿಂದ ಸಣ್ಣಪುಟ್ಟ ಫೌಲಿಗೂ ಎದುರಾಳಿಗೆ ಫ್ರೀ ಥ್ರೋ. ಮೊದಲನೆಯದು ಒಳಗೆ ಬಿದ್ದರೆ ಮಾತ್ರ ಎರಡನೆಯದು. ಹತ್ತಕ್ಕೆ ಮುಟ್ಟಿದರೆ ಎರಡೂ ಖಾತ್ರಿ. ಹಾಫ್‌ನಲ್ಲಿ ಇನ್ನೂ ಹತ್ತು ನಿಮಿಷ ಇರುವಾಗಲೇ ಏಳಾಗಿಬಿಟ್ಟರೆ ಏನಾಗುತ್ತದೆ ನೋಡಿ. ಕಾವಲು ಕಾಯುವ ಹುಡುಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಮುಟ್ಟಿದರೆ ಸೀಟಿ ಅಂತ ಭಯ. ಎದುರಾಳಿ ಸಲೀಸಾಗಿ ಒಳಗೆ ನುಗ್ಗುತ್ತಾನೆ. ರಿಂಗ್ ಹತ್ತಿರ ತಡೆಯುವುದಕ್ಕೆ ಎತ್ತರದ ಹುಡುಗ ಬರುತ್ತಾನೆ, ಅವನ ಮೇಲೂ ಸೀಟಿ. ಐದು ಫೌಲ್ ಆದರೆ ಅವನು ಹೊರಗೆ, ಅದಕ್ಕೇ ಮೊದಲ ಹಾಫ್‌ನಲ್ಲಿ ಎರಡಾದರೆ ಸಾಮಾನ್ಯವಾಗಿ ಕೋಚ್ ಅವನನ್ನು ಕೂರಿಸುತ್ತಾರೆ. ಅವನು ಕೂತ ಮೇಲೆ ರಿಂಗ್ ಕಾಯುವವರಿಲ್ಲ, ರಿಬೌಂಡ್ ಹಿಡಿಯುವವರಿಲ್ಲ. ಹೊರಗಿನವರು ಒಳಗೆ ಸಹಾಯಕ್ಕೆ ಓಡುತ್ತಾರೆ, ಅಲ್ಲಿ ದೂರದಿಂದ ಮೂರು ಪಾಯಿಂಟ್ ಹೊಡೆಯುವವನು ಒಬ್ಬನೇ ಆರಾಮಾಗಿ ನಿಂತಿರುತ್ತಾನೆ. ಟಿವಿಯಲ್ಲಿ ನಮಗೆ ಕಾಣುವುದು ಕೊನೆಯ ಆ ಹೊಡೆತ ಮಾತ್ರ. "ಅವರಿಗೆ ಅದೃಷ್ಟ" ಅಂತೀವಿ. ಅದರ ಮೂಲ ಐದು ನಿಮಿಷ ಹಿಂದಿನ ಒಂದು ಬೇಡದ ಫೌಲ್‌ನಲ್ಲಿ ಇರುತ್ತದೆ.

ಮೆಂಫಿಸ್ ಪಂದ್ಯ ಕೈತಪ್ಪಿದ್ದೂ ಸೀಟಿಯಿಂದಲೇ. ಓವರ್‌ಟೈಮ್, ಸುಮಾರು 40 ಸೆಕೆಂಡ್ ಬಾಕಿ, ಸ್ಕೋರ್ ಸಮ. ರಿಬೌಂಡ್‌ಗೆ ಹಾರಿದ ಮೆಕ್‌ನೀಲಿ ಮೇಲೆ ಫೌಲ್ ಕೊಟ್ಟರು. ಕೋಚ್ ಡ್ಯಾನ್ ಹರ್ಲಿ ಸಿಟ್ಟಿಗೆದ್ದರು, ಅವರ ಮೇಲೆ ಟೆಕ್ನಿಕಲ್, ಅಂದರೆ ನಡವಳಿಕೆಗೆ ಕೊಡುವ ಫೌಲ್. ಒಟ್ಟು ನಾಲ್ಕು ಫ್ರೀ ಥ್ರೋ, ನಾಲ್ಕೂ ಒಳಗೆ. ಆ ಒಂದು ಫೌಲ್ ಸರಿಯೋ ತಪ್ಪೋ ಅಂತ ವಾರಗಟ್ಟಲೆ ವಾದ ನಡೆಯಿತು. ನಮ್ಮ ಮಾವನ ಪೆನ್ಸಿಲ್ ಮಾತ್ರ ಅದಕ್ಕಿಂತ ಮುಂಚಿನ ಸಾಲುಗಳ ಮೇಲೆ ಓಡಾಡುತ್ತಿತ್ತು. ಫೌಲ್ ಕಾಲಂ ಮೂರೂ ದಿನ ಭಾರವಾಗಿತ್ತು.

ಮೂರು ಪಾಯಿಂಟ್‌ಗೆ ಬೇರೆ ಪುಟ

ಎದುರಾಳಿ ಎಷ್ಟು ಸಲ ಮೂರು ಪಾಯಿಂಟ್‌ಗೆ ಹೊಡೆದ ಅನ್ನುವುದರಲ್ಲಿ ನಮ್ಮ ಕಾವಲಿನ ಪಾಲಿದೆ. ಅದರಲ್ಲಿ ಎಷ್ಟು ಒಳಗೆ ಬಿತ್ತು ಅನ್ನುವುದು ಬಹುಪಾಲು ನಮ್ಮ ಕೈಯಲ್ಲಿಲ್ಲ. ಮೆಂಫಿಸ್ ಆ ದಿನ ಹೊಡೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಳಗೆ ಹಾಕಿತು. ಅಂಥ ದಿನ ಯಾವ ತಂಡಕ್ಕೂ ವರ್ಷಕ್ಕೆ ಕೆಲವೇ ಸಲ ಬರುತ್ತದೆ. ಆದ್ದರಿಂದ ಹೊಡೆದ ಲೆಕ್ಕ, ಬಿದ್ದ ಲೆಕ್ಕ ಎರಡನ್ನೂ ಬೇರೆ ಬೇರೆ ಬರೆಯಿರಿ. ಬಿದ್ದದ್ದು ಜಾಸ್ತಿ, ಹೊಡೆದದ್ದು ಸಾಮಾನ್ಯ ಅಂದರೆ ಆ ಚಿಂತೆ ಬಿಡಿ. ಹೊಡೆದದ್ದೇ ಜಾಸ್ತಿ, ಅದೂ ಎದುರಿಗೆ ಯಾರೂ ಇಲ್ಲದೆ ಹೊಡೆದದ್ದು ಅಂದರೆ ಚಿಂತೆ ಮಾಡಿ. ನಮ್ಮ ಹುಡುಗರ ಹೊಡೆತಕ್ಕೂ ಇದೇ ಮಾತು. ಒಳ್ಳೆ ಅವಕಾಶ ಸಿಕ್ಕು ತಪ್ಪಿದರೆ ಬೈಯಬೇಡಿ, ನಾಳೆ ಬೀಳುತ್ತದೆ.

ಡಿಸೆಂಬರ್‌ನಲ್ಲಿ ಮೂರು ಥರದ ಪಂದ್ಯ ಆರಿಸಿಕೊಳ್ಳಿ

ಮನೆಯಂಗಳದಲ್ಲಿ ಒಂದು, ಪರಸ್ಥಳದಲ್ಲಿ ಒಂದು, ಇಬ್ಬರದೂ ಅಲ್ಲದ ಜಾಗದಲ್ಲಿ ಒಂದು. ಮೂರೂ ಗಟ್ಟಿ ತಂಡಗಳ ಎದುರು. ಮಾರ್ಚ್‌ನಲ್ಲಿ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಎನ್‌ಸಿಎಎ ಟೂರ್ನಿಗೆ ತಂಡಗಳನ್ನು ಆರಿಸುವ ಸಮಿತಿಯೂ ಜಾಗ ನೋಡುತ್ತದೆ. 75ನೇ ರ‍್ಯಾಂಕಿನ ತಂಡವನ್ನು ಅವರ ಊರಲ್ಲೇ ಸೋಲಿಸಿದರೆ ಸಿಗುವ ಬೆಲೆ, ನಮ್ಮೂರಲ್ಲಾದರೆ 30ನೇ ರ‍್ಯಾಂಕಿನೊಳಗಿನ ತಂಡವನ್ನು ಸೋಲಿಸಿದರೆ ಮಾತ್ರ ಸಿಗುತ್ತದೆ. ನಮಗೆ ಆ ವರ್ಷ ಈ ಮೂರೂ ಸಾಲಾಗಿ ಸಿಕ್ಕವು. ಯೂಕಾನ್ ಇರುವ ಸ್ಟೋರ್ಸ್ ಊರಿನ ಗ್ಯಾಂಪಲ್ ಪೆವಿಲಿಯನ್‌ನಲ್ಲಿ ಬೇಲರ್ ಎದುರು 76-72. ಆಸ್ಟಿನ್‌ನಲ್ಲಿ ಟೆಕ್ಸಸ್ ಎದುರು 76-65. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೊನ್ಜಾಗಾ ಎದುರು 77-71. ಮೂರೂ ಗೆಲುವು. ಮಾವಿಯಲ್ಲಿ ಮುಗಿದೇಹೋಯಿತು ಅಂದವರೇ ಈಗ ಮೂರನೇ ಕಪ್ ಲೆಕ್ಕ ಹಾಕಿದರು.

ನಾನು ನಿಮಗೆ ಹೇಳುವುದು ಇಷ್ಟೇ. ಗೆದ್ದಾಗಲೂ ಅದೇ ನೋಟ್‌ಬುಕ್ ತೆಗೆಯಿರಿ. ಮಾವನ ಪುಟದಲ್ಲಿ ರಿಬೌಂಡ್ ಚೆನ್ನಾಗಿತ್ತು, ಹೊಡೆತದ ಅವಕಾಶಗಳು ಚೆನ್ನಾಗಿದ್ದವು. ಫೌಲ್ ಕಾಲಂ ಹಗುರಾಗಿರಲಿಲ್ಲ. ಆಮೇಲೆ ಆದದ್ದೂ ಹಾಗೆಯೇ. ಜನವರಿಯಲ್ಲಿ ಮೆಕ್‌ನೀಲಿ ಕಾಲು ಉಳುಕಿಸಿಕೊಂಡು ಎಂಟು ಪಂದ್ಯ ತಪ್ಪಿಸಿಕೊಂಡ. ಫೆಬ್ರವರಿಯಲ್ಲಿ ಕ್ರೈಟನ್ ಊರಿಗೆ ಹೋಗಿ 38 ಪಾಯಿಂಟ್ ಹೊಡೆದು ಗೆಲ್ಲಿಸಿದ. ಅದೇ ವಾರ ಬಿಗ್ ಈಸ್ಟ್‌ನ (ನಮ್ಮ ತಂಡ ಆಡುವ ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಗುಂಪು) ಕೊನೆಯ ಸ್ಥಾನದ ಸೀಟನ್ ಹಾಲ್ ಎದುರು ಓವರ್‌ಟೈಮ್‌ನಲ್ಲಿ 69-68ರಿಂದ ಸೋತೆವು. ಕೊನೆಗೆ 24 ಗೆಲುವು, 11 ಸೋಲು. ಎನ್‌ಸಿಎಎ ಟೂರ್ನಿಯಲ್ಲಿ 8ನೇ ಸೀಡ್, ಅಂದರೆ ಶ್ರೇಯಾಂಕ. ಎರಡನೇ ಸುತ್ತಿನಲ್ಲಿ ಫ್ಲೋರಿಡಾ ಎದುರು 77-75ರಿಂದ ಮುಗಿಯಿತು. ಅದೇ ಫ್ಲೋರಿಡಾ ಆ ವರ್ಷ ಕಪ್ ಎತ್ತಿತು. ಹುಡುಗರು ಎದೆಗೊಟ್ಟು ಆಡಿದರು, ಆ ಪಂದ್ಯದ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಕಾವಲಿನ ಕೊರತೆ ನವೆಂಬರ್‌ನಲ್ಲಿ ಕಂಡದ್ದೇ. ಅದು ಹೋಗಲೇ ಇಲ್ಲ.

ಹಳೆಯ ವರ್ಷಗಳನ್ನು ಪಕ್ಕದಲ್ಲಿಟ್ಟು ನೋಡಿ

ತಡವರಿಸಿದ ತಂಡ ಎದ್ದು ನಿಲ್ಲುವುದಿಲ್ಲ ಅಂತಲ್ಲ. 2011ರಲ್ಲಿ ಯೂಕಾನ್ ಬಿಗ್ ಈಸ್ಟ್‌ನಲ್ಲಿ 9 ಗೆದ್ದು 9 ಸೋತಿತ್ತು. ಆಮೇಲೆ ಐದು ದಿನಕ್ಕೆ ಐದು ಪಂದ್ಯ ಗೆದ್ದು ಕಾನ್ಫರೆನ್ಸ್ ಟೂರ್ನಿ ಗೆದ್ದಿತು, ಏಪ್ರಿಲ್‌ನಲ್ಲಿ ದೇಶದ ಚಾಂಪಿಯನ್. 2014ರ ಮಾರ್ಚ್‌ನಲ್ಲಿ ಲೂಯಿವಿಲ್‌ನಲ್ಲಿ 81-48ರಿಂದ ನೆಲಕಚ್ಚಿದ ತಂಡ ಒಂದೇ ತಿಂಗಳಲ್ಲಿ ಕಪ್ ತಂದಿತು. 2022-23ರಲ್ಲಿ ಮೊದಲ 14 ಪಂದ್ಯ ಗೆದ್ದು, ಎಂಟರಲ್ಲಿ ಆರು ಸೋತು, ಕೊನೆಗೆ ಟೂರ್ನಿಯ ಆರೂ ಪಂದ್ಯಗಳನ್ನು 13 ಅಥವಾ ಅದಕ್ಕಿಂತ ಜಾಸ್ತಿ ಪಾಯಿಂಟ್‌ಗಳಿಂದ ಗೆದ್ದಿತು.

ಉಲ್ಟಾ ಆದದ್ದೂ ಇದೆ. ಅದೇ ವರ್ಷ ನಾರ್ತ್ ಕ್ಯಾರೊಲೈನಾ ಸೀಸನ್ ಶುರುವಿಗೆ ದೇಶದ 1ನೇ ರ‍್ಯಾಂಕ್. ಪೋರ್ಟ್‌ಲೆಂಡಿನಲ್ಲಿ ಐಯೋವಾ ಸ್ಟೇಟ್ ಎದುರು ಸೋತರು, ಅಲಬಾಮಾ ಎದುರು ನಾಲ್ಕು ಓವರ್‌ಟೈಮ್ ಆಡಿ 103-101ರಿಂದ ಸೋತರು. ಮಾರ್ಚ್‌ನಲ್ಲಿ ಟೂರ್ನಿಗೇ ಆಯ್ಕೆಯಾಗಲಿಲ್ಲ. ಬೇರೆಯವರ ಕಥೆ ನೋಡಿ ಧೈರ್ಯ ತಂದುಕೊಳ್ಳುವುದು, ಹೆದರುವುದು ಎರಡೂ ಸುಲಭ, ಅಲ್ವಾ? ನಿಮ್ಮ ತಂಡದ ಕಥೆ ನಿಮ್ಮ ಪುಟದಲ್ಲೇ ಇರುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಪಾಲಿಸಿ. ಸೋತ ರಾತ್ರಿ ಆಟಗಾರರ ಖಾತೆಗೆ ಹೋಗಿ ಏನನ್ನೂ ಬರೆಯಬೇಡಿ. ಅವರಲ್ಲಿ ಎಷ್ಟೋ ಜನಕ್ಕೆ ಹದಿನೆಂಟು, ಹತ್ತೊಂಬತ್ತು ವಯಸ್ಸು. ನಮ್ಮ ಮಗಳ ಜೊತೆ ಅದೇ ಲೈಬ್ರರಿಯಲ್ಲಿ ಕೂತು ಓದಿದ ಮಕ್ಕಳು. ಬಾಜಿ ಕಟ್ಟಿ ಸೋತವರು ಅವರಿಗೆ ಕಳಿಸುವ ಮಾತುಗಳನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ನಿಮ್ಮ ಬೇಸರವನ್ನು ಮನೆಯಲ್ಲಿ ಹೇಳಿಕೊಳ್ಳಿ, ಗೆಳೆಯರ ಹತ್ತಿರ ಹೇಳಿಕೊಳ್ಳಿ.

ತೀರ್ಪಿಗೆ ಜನವರಿ ಮಧ್ಯದ ತನಕ ಕಾಯಿರಿ. ಅಷ್ಟರಲ್ಲಿ ಕಾನ್ಫರೆನ್ಸಿನ ಐದಾರು ಪಂದ್ಯ ಮುಗಿದಿರುತ್ತವೆ, ನಿಮ್ಮ ಆಟ ಬಲ್ಲ ಕೋಚ್‌ಗಳು ಎದುರಿಗಿರುತ್ತಾರೆ. ನವೆಂಬರ್ ಪುಟ, ಜನವರಿ ಪುಟ ಎರಡನ್ನೂ ಪಕ್ಕಪಕ್ಕ ತೆರೆಯಿರಿ. ಟರ್ನೋವರ್ ಇಳಿದಿದ್ದರೆ ಹೊಸಬರು ಹೊಂದಿಕೊಂಡರು ಅಂತ. ರಿಬೌಂಡ್ ನಿಂತಲ್ಲೇ ನಿಂತಿದ್ದರೆ ಅದು ತಂಡದ ಬಲ. ಫೌಲ್ ಕಾಲಂ ಇನ್ನೂ ಹಾಗೇ ಇದ್ದರೆ, ಗೆಲುವು ಎಷ್ಟೇ ಬಂದಿರಲಿ, ಮಾರ್ಚ್‌ನ ಪ್ರಯಾಣಕ್ಕೆ ವಿಮಾನದ ಟಿಕೆಟ್ ಈಗಲೇ ಮಾಡಿಸಬೇಡಿ.